ಕಂಪ್ಯೂಟರಿನೊಳಗೆ ಬಂದು ಕೂತ ಎಐ: ಯಾವುದನ್ನು ಆಫ್ ಮಾಡಬೇಕು, ಯಾವುದನ್ನು ಬಿಡಬಹುದು

ಹೊಸ ಲ್ಯಾಪ್‌ಟಾಪ್ ತಂದವರು ಮೊದಲೆಲ್ಲ ‘ಕನ್ನಡ ಟೈಪಿಂಗಿಗೆ ನುಡಿ ಹಾಕಿ ಕೊಡ್ತೀರಾ?’ ಎಂದು ಕೇಳುತ್ತಿದ್ದರು. ಈಗ ‘ಇದರೊಳಗಿನ ಎಐ ತೆಗೆದು ಕೊಡ್ತೀರಾ?’ ಎನ್ನುತ್ತಾರೆ. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಟೈಪಿಂಗ್, ರಿಪೇರಿ ಕೆಲಸ ಮಾಡುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ‘ಅದು ಎಲ್ಲ ನೋಡ್ತದಂತೆ ಮಾರಾಯ್ರೇ, ಫೋಟೋ ಹಿಡೀತದಂತೆ’ ಎಂಬ ಮಾತು ವಾಟ್ಸಾಪಿನಲ್ಲಿ ಊರೆಲ್ಲ ಸುತ್ತಿದೆ.

ಹೆದರಿಕೆಯಲ್ಲಿ ಸತ್ಯ ಉಂಟು. ಆದರೆ ಅದು ತಪ್ಪು ಜಾಗದಲ್ಲಿ ಬೇರು ಬಿಟ್ಟಿದೆ ಅಂತ ನನ್ನ ಅನಿಸಿಕೆ. ಪರದೆಯ ಫೋಟೋ ಹಿಡಿಯುವ ಆ ಸೌಲಭ್ಯ ನಮ್ಮೂರಿನ ಹೆಚ್ಚಿನ ಕಂಪ್ಯೂಟರುಗಳಲ್ಲಿ ಇಲ್ಲವೇ ಇಲ್ಲ. ಅದರ ಬಗ್ಗೆ ನಿದ್ದೆಗೆಡುವ ಜನ, ಅದೇ ಹೊತ್ತಿಗೆ ಪಕ್ಕದ ಮನೆಯವರ ಆಧಾರ್ ಕಾರ್ಡನ್ನು ಚಾಟ್‌ಜಿಪಿಟಿಯಂಥ ಎಐ ಚಾಟ್ ಪೆಟ್ಟಿಗೆಗೆ ಹಾಕಿ ‘ಇದರಲ್ಲಿರುವ ವಿಳಾಸ ಟೈಪ್ ಮಾಡಿ ಕೊಡು’ ಎಂದು ಕೇಳುತ್ತಿರುತ್ತಾರೆ.

ಹಾಗಾಗಿ ಈ ಮಾರ್ಗದರ್ಶಿಯುದ್ದಕ್ಕೂ ಎರಡೇ ಪ್ರಶ್ನೆ ಇಟ್ಟುಕೊಳ್ಳಿ. ಈ ಕಾಗದ ಯಾರದ್ದು? ಇದು ಈ ಮೆಷಿನ್ ಬಿಟ್ಟು ಹೊರಗೆ ಹೋಗುತ್ತದಾ? ನಮ್ಮಲ್ಲಿ ಒಂದು ಕಂಪ್ಯೂಟರ್ ಅಂದರೆ ಒಬ್ಬರ ಸೊತ್ತಲ್ಲ. ಮಗಳ ಪ್ರಾಜೆಕ್ಟ್, ಅಜ್ಜನ ಪೆನ್ಶನ್ ಕಾಗದ, ಸೊಸೈಟಿಯ ಲೆಕ್ಕ, ನೆಂಟರ ಹುಡುಗನ ಜಾತಕ, ತೀರ್ವೆ (ಭೂತೆರಿಗೆ) ರಶೀದಿ ಎಲ್ಲ ಒಂದೇ ಡೆಸ್ಕ್‌ಟಾಪಿನಲ್ಲಿ ಇರುತ್ತವೆ. ನಿಮ್ಮ ಕಾಗದದ ಬಗ್ಗೆ ನೀವು ಉದಾರವಾಗಿರಬಹುದು. ಬೇರೆಯವರ ಕಾಗದದ ಬಗ್ಗೆ ಹಾಗಿರಲಿಕ್ಕೆ ಬರುವುದಿಲ್ಲ.

ಮೊದಲು ನಿಮ್ಮದು ಯಾವ ಮೆಷಿನ್ ಅಂತ ನೋಡಿ

ವಿಂಡೋಸ್ ಕೀ ಮತ್ತು ಐ ಒಟ್ಟಿಗೆ ಒತ್ತಿ. ಸೆಟ್ಟಿಂಗ್ಸ್ ತೆರೆಯುತ್ತದೆ. ಸಿಸ್ಟಮ್ ಒಳಗೆ ಕೊನೆಯಲ್ಲಿ ಅಬೌಟ್ ಅಂತ ಇರುತ್ತದೆ. ಅಲ್ಲಿ ವಿಂಡೋಸ್ 10 ಉಂಟಾ, 11 ಉಂಟಾ, ರ‍್ಯಾಮ್ ಎಷ್ಟು ಎಂಬುದು ಸಿಗುತ್ತದೆ.

ಎಐ ಕೆಲಸಕ್ಕೆಂದೇ ಮೈಕ್ರೋಸಾಫ್ಟ್ ಬೇರೆ ಮಾಡಿಟ್ಟ ಒಂದು ಜಾತಿ ಇದೆ. ಅದರ ಹೆಸರು ಕೋಪೈಲಟ್ ಪ್ಲಸ್ ಪಿಸಿ. ಅದಕ್ಕೆ ಎನ್‌ಪಿಯು ಎಂಬ ಪ್ರತ್ಯೇಕ ಚಿಪ್ ಬೇಕು. ಆ ಚಿಪ್ ಸೆಕೆಂಡಿಗೆ ಕನಿಷ್ಠ 40 ಲಕ್ಷ ಕೋಟಿ ಲೆಕ್ಕ ಮಾಡಬೇಕು. ಜೊತೆಗೆ 16 ಜಿಬಿ ರ‍್ಯಾಮ್, 256 ಜಿಬಿ ಸ್ಟೋರೇಜ್ ಇರಬೇಕು. ಈ ಜಾತಿಯ ಲ್ಯಾಪ್‌ಟಾಪ್‌ಗಳು ಮಾರುಕಟ್ಟೆಗೆ ಬಂದದ್ದೇ 2024ರ ಜೂನಿನಲ್ಲಿ. ಅದಕ್ಕಿಂತ ಮೊದಲು ಕೊಂಡದ್ದು, ಮಂಗಳೂರಿನಿಂದ ತಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಸೊಸೈಟಿಯ ಹಳೆಯ ಡೆಸ್ಕ್‌ಟಾಪ್, ಇವು ಯಾವುವೂ ಈ ಗುಂಪಿಗೆ ಸೇರುವುದಿಲ್ಲ.

ಕೀಬೋರ್ಡಿನಲ್ಲಿ ಕೋಪೈಲಟ್ ಕೀ, ಅಂದರೆ ಮೈಕ್ರೋಸಾಫ್ಟಿನ ಎಐ ಸಹಾಯಕನನ್ನು ಕರೆಯುವ ಕೀ, ಉಂಟು ಅಂದಮಾತ್ರಕ್ಕೆ ಗಾಬರಿ ಬೇಡ. 2024ರ ಜನವರಿಯಿಂದ ಆ ಕೀ ಸಾಧಾರಣ ಲ್ಯಾಪ್‌ಟಾಪಿನಲ್ಲೂ ಬರಲು ಶುರುವಾಯಿತು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಬರುವ ಟಾಸ್ಕ್ ಮ್ಯಾನೇಜರಿನಲ್ಲಿ ಎನ್‌ಪಿಯು ಅಂತ ಕಂಡರೂ ಅದು ಸಣ್ಣ ಚಿಪ್ ಆಗಿರಬಹುದು. ಸರಿಯಾದ ಪರೀಕ್ಷೆ ಇದು: ಸೆಟ್ಟಿಂಗ್ಸ್ ಒಳಗೆ ‘ಪ್ರೈವಸಿ ಅಂಡ್ ಸೆಕ್ಯುರಿಟಿ’ಗೆ ಹೋಗಿ. ಅಲ್ಲಿ ‘ರೀಕಾಲ್ ಅಂಡ್ ಸ್ನ್ಯಾಪ್‌ಶಾಟ್ಸ್’ ಎಂಬ ಸಾಲು ಇಲ್ಲದಿದ್ದರೆ ಪರದೆಯ ಫೋಟೋ ಹಿಡಿಯುವ ಕಥೆ ನಿಮ್ಮ ಮೆಷಿನ್ನಿಗೆ ಅನ್ವಯಿಸುವುದಿಲ್ಲ. ಮುಂದಿನ ಭಾಗ ಬಿಟ್ಟು ಅದರಾಚೆಗೆ ಹೋಗಿ.

ನಿಮ್ಮದು ವಿಂಡೋಸ್ 10 ಆಗಿದ್ದರೆ ಚಿಂತೆಯೇ ಬೇರೆ. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆದಾರರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಅದರ ಬಟನ್ ಇರುತ್ತದೆ. ‘ಎಐ ಇಲ್ಲದ ಹಳೆಯದೇ ಚೆಂದ’ ಎಂದುಕೊಂಡು ಅಪ್‌ಡೇಟೇ ಇಲ್ಲದ ಮೆಷಿನ್ನಿನಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು, ನನ್ನ ಪ್ರಕಾರ, ಎಐಗಿಂತ ದೊಡ್ಡ ಅಪಾಯ.

ರೀಕಾಲ್: ಫೋಟೋ ಹಿಡಿಯುವ ಆ ಸೌಲಭ್ಯ

ಇದನ್ನು 2024ರ ಮೇ 20ರಂದು ಘೋಷಿಸಿದರು. ನೀವು ಪರದೆಯಲ್ಲಿ ನೋಡಿದ್ದನ್ನು ಕೆಲವು ಸೆಕೆಂಡಿಗೊಮ್ಮೆ ಚಿತ್ರವಾಗಿ ಉಳಿಸಿ, ಆಮೇಲೆ ‘ಮೊನ್ನೆ ನೋಡಿದ ಆ ನೀಲಿ ಸೀರೆ’ ಎಂದು ಹುಡುಕಿದರೆ ತೋರಿಸುವುದು ಇದರ ಕೆಲಸ. ಭದ್ರತೆ ಬಲ್ಲವರು ಕೂಡಲೇ ಬೈದರು. ಮೊದಲ ರೂಪದಲ್ಲಿ ಆ ಮಾಹಿತಿಯನ್ನು ಕದಿಯುವುದು ಸುಲಭವಿತ್ತು. ಜೂನಿನಲ್ಲೇ ಅದನ್ನು ಹಿಂದೆ ತೆಗೆದುಕೊಂಡರು. ತಿದ್ದುಪಡಿ ಮಾಡಿ 2025ರ ಏಪ್ರಿಲ್‌ನಲ್ಲಿ ಮತ್ತೆ ಬಿಟ್ಟರು.

ಈಗಿನ ರೂಪದ ಬಗ್ಗೆ ನ್ಯಾಯವಾಗಿ ಮಾತಾಡಬೇಕು. ನೀವು ಒಪ್ಪದೆ ಅದು ಶುರುವಾಗುವುದಿಲ್ಲ. ಚಿತ್ರಗಳು ಮೆಷಿನ್ ಒಳಗೇ, ಬೀಗ ಹಾಕಿದ ಸ್ಥಿತಿಯಲ್ಲಿ ಇರುತ್ತವೆ. ನೋಡಬೇಕಾದರೆ ಮುಖ, ಬೆರಳು ಅಥವಾ ಪಿನ್ ಕೊಡಬೇಕು. ಪಾಸ್‌ವರ್ಡ್, ಕಾರ್ಡ್ ನಂಬರ್ ತರದ್ದನ್ನು ಬಿಟ್ಟುಬಿಡಲು ಒಂದು ಜರಡಿಯೂ ಉಂಟು.

ಇನ್ನು ನಮ್ಮ ಡಿಟಿಪಿ ಅಂಗಡಿಯೊಳಗೆ ಬನ್ನಿ. ಪಿನ್ ಮಾಲಿಕರಿಗೆ ಗೊತ್ತು, ಟೈಪ್ ಮಾಡುವ ಹುಡುಗಿಗೆ ಗೊತ್ತು, ರಜೆಯಲ್ಲಿ ಬಂದು ಕೂರುವ ತಮ್ಮನಿಗೂ ಗೊತ್ತು. ಕೆಲವು ಕಡೆ ಮಾನಿಟರಿಗೇ ಚೀಟಿ ಅಂಟಿಸಿರುತ್ತಾರೆ. ಒಬ್ಬನೇ ಬಳಸುವ ಲ್ಯಾಪ್‌ಟಾಪಿಗೆ ಮಾಡಿದ ಬೀಗ ಇಲ್ಲಿ ಬೀಗವೇ ಅಲ್ಲ. ಗಿರಾಕಿ ಎದುರು ನಿಂತು ‘ಈ ಫೈಲ್ ಡಿಲೀಟ್ ಮಾಡಿ’ ಎಂದರೆ ನೀವು ಮಾಡುತ್ತೀರಿ. ಆದರೆ ಆ ಫೈಲ್ ತೆರೆದಿದ್ದಾಗ ಹಿಡಿದ ಚಿತ್ರ ಉಳಿದಿರುತ್ತದೆ. ಇನ್ನೂ ಒಂದು ಮಾತು. ರೀಕಾಲ್ ಹುಡುಕಾಟವನ್ನು ಇಂಗ್ಲಿಷ್, ಚೀನೀ, ಫ್ರೆಂಚ್, ಜರ್ಮನ್, ಜಪಾನೀ, ಸ್ಪ್ಯಾನಿಷ್ ಭಾಷೆಗಳಿಗೆ ಹೊಂದಿಸಿದ್ದಾರೆ. ಕನ್ನಡ, ಮಲಯಾಳ ಆ ಪಟ್ಟಿಯಲ್ಲಿಲ್ಲ. ಅಂದರೆ ನಮ್ಮ ಕಾಗದದ ಚಿತ್ರ ಮಾತ್ರ ಉಳಿಯುತ್ತದೆ, ಅದನ್ನು ಹುಡುಕುವ ಉಪಕಾರ ಸರಿಯಾಗಿ ಸಿಗುವುದಿಲ್ಲ. ಹಾಗಾದರೆ ಯಾಕೆ ಇಟ್ಟುಕೊಳ್ಳಬೇಕು?

ತೆಗೆಯುವುದು ಹೀಗೆ. ‘ರೀಕಾಲ್ ಅಂಡ್ ಸ್ನ್ಯಾಪ್‌ಶಾಟ್ಸ್’ ಪುಟದಲ್ಲಿ ‘ಸೇವ್ ಸ್ನ್ಯಾಪ್‌ಶಾಟ್ಸ್’ ಆಫ್ ಮಾಡಿ. ಅಲ್ಲೇ ಕೆಳಗೆ ‘ಡಿಲೀಟ್ ಸ್ನ್ಯಾಪ್‌ಶಾಟ್ಸ್’ ಒತ್ತಿ ಎಲ್ಲವನ್ನೂ ಅಳಿಸಿ. ಇದನ್ನು ಮರೆಯಬೇಡಿ, ಆಫ್ ಮಾಡಿದರೆ ಹಳೆಯದು ತಾನಾಗಿ ಹೋಗುವುದಿಲ್ಲ. ಆಮೇಲೆ ಸ್ಟಾರ್ಟ್ ಮೆನುವಿನಲ್ಲಿ ‘ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್’ ಎಂದು ಹುಡುಕಿ. ಬರುವ ಪಟ್ಟಿಯಲ್ಲಿ ರೀಕಾಲ್ ಎದುರಿನ ಟಿಕ್ ತೆಗೆದು ಓಕೆ ಒತ್ತಿ, ರೀಸ್ಟಾರ್ಟ್ ಮಾಡಿ. ಪರದೆಯಲ್ಲಿ ಕಾಣುವ ಬರಹ, ಚಿತ್ರವನ್ನು ಗುರುತಿಸಿ ಅದರ ಮೇಲೆ ಕೆಲಸ ಮಾಡುವ ‘ಕ್ಲಿಕ್ ಟು ಡೂ’ ಎಂಬುದು ಇದರ ತಮ್ಮ. ಅದಕ್ಕೆ ಪ್ರೈವಸಿ ಪುಟದಲ್ಲೇ ಬೇರೆ ಸ್ವಿಚ್ ಉಂಟು.

ನೀವು ರೀಕಾಲ್ ಇಟ್ಟುಕೊಳ್ಳುವವರೇ ಆದರೂ, ಸಿಗ್ನಲ್ ಆಪ್ 2025ರ ಮೇಯಲ್ಲಿ ಮತ್ತು ಬ್ರೇವ್ ಬ್ರೌಸರ್ ಅದೇ ವರ್ಷದ ಜುಲೈಯಲ್ಲಿ ತಮ್ಮ ಕಿಟಕಿಗಳು ಅದರಲ್ಲಿ ಸೆರೆಯಾಗದ ಹಾಗೆ ಮಾಡಿವೆ.

ಕೋಪೈಲಟ್ ಆಪ್, ನೋಟ್‌ಪ್ಯಾಡ್, ಪೇಂಟ್

ಇದು ಸುಲಭದ ಕೆಲಸ. ಸ್ಟಾರ್ಟ್ ಮೆನುವಿನಲ್ಲಿ ಕೋಪೈಲಟ್ ಮೇಲೆ ಬಲ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಕೊಡಿ. ಹೋಯಿತು. ಕೀಬೋರ್ಡಿನ ಕೋಪೈಲಟ್ ಕೀಯನ್ನು ಬೇರೆ ಕೆಲಸಕ್ಕೆ ಹಚ್ಚಬೇಕಾದರೆ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ಕೋಪೈಲಟ್ ಕೀ ಎಂದು ಟೈಪ್ ಮಾಡಿ. ಒತ್ತಿದರೆ ಸರ್ಚ್ ಬರುವ ಹಾಗೆ ಬದಲಿಸಬಹುದು. ಮೆನುಗಳ ಹೆಸರು, ಜಾಗ ಆಗಾಗ ಬದಲಾಗುತ್ತಲೇ ಇರುತ್ತದೆ. ಹಾಗಾಗಿ ಎಲ್ಲ ಹಂತದಲ್ಲೂ ಹುಡುಕುವ ಜಾಗವನ್ನೇ ನಂಬಿ.

ನೋಟ್‌ಪ್ಯಾಡಿಗೂ ಎಐ ಹೊಕ್ಕಿದೆ ಅಂದಾಗ ನನಗೆ ನಗು ಬಂತು. ಏನೂ ಇಲ್ಲದಿರುವುದೇ ಅದರ ಗುಣವಾಗಿತ್ತು, ಅಲ್ವಾ? ಬಲ ಮೇಲ್ತುದಿಯ ಗಿಯರ್ ಚಿಹ್ನೆ ಒತ್ತಿ, ಕೆಳಗೆ ಇರುವ ಎಐ ಸ್ವಿಚ್ ಆಫ್ ಮಾಡಿ. ಸಾಧಾರಣ ಮೆಷಿನ್ನಿನಲ್ಲಿ ಅದರ ‘ರೀರೈಟ್’ ಒತ್ತಿದರೆ ನಿಮ್ಮ ಬರಹ ಇಂಟರ್ನೆಟ್ ಮೂಲಕ ಹೊರಗೆ ಹೋಗಿ ವಾಪಸ್ ಬರುತ್ತದೆ. ಒತ್ತದಿದ್ದರೆ ಹೋಗುವುದಿಲ್ಲ. ಪೇಂಟ್‌ನಲ್ಲೂ ಹಾಗೆಯೇ, ಮುಟ್ಟದಿದ್ದರೆ ತೊಂದರೆ ಇಲ್ಲ.

ನುಡಿ, ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡುವವರಿಗೆ ಒಂದು ಎಚ್ಚರಿಕೆ. ಆ ಬರಹ ನಮ್ಮ ಕಣ್ಣಿಗೆ ಕನ್ನಡ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಎಐ ಅದನ್ನು ‘ತಿದ್ದಿದರೆ’ ಇಡೀ ಪುಟ ಹಾಳು. ಕಂಪ್ಯೂಟರಿಗೂ ಕನ್ನಡವೆಂದೇ ತಿಳಿಯುವ ಯುನಿಕೋಡಿಗೆ ಬದಲಿಸದೆ ಅಂಥ ಫೈಲನ್ನು ಯಾವ ಎಐ ಬಟನ್ನಿಗೂ ಕೊಡಬೇಡಿ.

ವರ್ಡ್, ಎಕ್ಸೆಲ್ ಮತ್ತು ಒನ್‌ಡ್ರೈವ್

ವರ್ಷಕ್ಕೆ ಹಣ ಕಟ್ಟುವ ಮೈಕ್ರೋಸಾಫ್ಟ್ 365ರ ಪರ್ಸನಲ್, ಫ್ಯಾಮಿಲಿ ಯೋಜನೆಗಳಿಗೆ 2025ರ ಜನವರಿಯಲ್ಲಿ ಕೋಪೈಲಟ್ ಸೇರಿಸಿ ದರ ಏರಿಸಿದರು. ಕೋಪೈಲಟ್ ಇಲ್ಲದ ‘ಕ್ಲಾಸಿಕ್’ ಯೋಜನೆಯೂ ಹಳೆಯ ಚಂದಾದಾರರಿಗೆ ಇತ್ತು. ಅದನ್ನು ಗ್ರಾಹಕರಿಗೆ ಸರಿಯಾಗಿ ತಿಳಿಸಲಿಲ್ಲ ಎಂದು ಆಸ್ಟ್ರೇಲಿಯಾದ ಗ್ರಾಹಕ ಆಯೋಗ 2025ರ ಅಕ್ಟೋಬರಿನಲ್ಲಿ ಕೋರ್ಟಿಗೇ ಹೋಯಿತು. ನೀವು ಚಂದಾ ಕಟ್ಟುವವರಾದರೆ ಮುಂದಿನ ಕಂತಿನ ಮೊದಲು ಅಕೌಂಟ್ ಪುಟದಲ್ಲಿ ರದ್ದು ಮಾಡುವ ದಾರಿ ಹಿಡಿದು ನೋಡಿ, ಆ ಆಯ್ಕೆ ಇದ್ದರೆ ಅಲ್ಲಿ ಕಾಣುತ್ತದೆ.

ವರ್ಡ್‌ನಲ್ಲಿ ಆಫ್ ಮಾಡಲು: ಫೈಲ್, ಆಪ್ಷನ್ಸ್, ಕೋಪೈಲಟ್. ‘ಎನೇಬಲ್ ಕೋಪೈಲಟ್’ ಟಿಕ್ ತೆಗೆಯಿರಿ. ಎಕ್ಸೆಲ್‌ನಲ್ಲಿ, ಪವರ್‌ಪಾಯಿಂಟ್‌ನಲ್ಲಿ ಮತ್ತೆ ಬೇರೆಬೇರೆಯಾಗಿ ಮಾಡಬೇಕು. ಪ್ರತಿ ಕಂಪ್ಯೂಟರಿನಲ್ಲೂ ಮಾಡಬೇಕು. ಕಿರಿಕಿರಿ, ಏನು ಮಾಡುವುದು! ಅರ್ಜಿ, ಆಮಂತ್ರಣ, ಅಡಿಕೆ ಲೆಕ್ಕ ಇಷ್ಟೇ ಕೆಲಸವಾದರೆ ಲಿಬ್ರೆಆಫೀಸ್ ಸಾಕು. ದುಡ್ಡೂ ಬೇಡ, ಎಐಯೂ ಇಲ್ಲ.

ಇಲ್ಲೇ ಎಐ ಅಲ್ಲದ ಒಂದು ತೂತನ್ನು ಹೇಳಿಬಿಡುತ್ತೇನೆ. ವಿಂಡೋಸ್ 11 ಸೆಟಪ್ ಮಾಡುವಾಗ ಸುಮ್ನೆ ನೆಕ್ಸ್ಟ್, ನೆಕ್ಸ್ಟ್ ಒತ್ತಿದವರ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳು ಇಂಟರ್ನೆಟ್ಟಿನಲ್ಲಿರುವ ಮೈಕ್ರೋಸಾಫ್ಟಿನ ಕಪಾಟಾದ ಒನ್‌ಡ್ರೈವಿಗೆ ಏರುತ್ತಿರುತ್ತವೆ. ಟಾಸ್ಕ್‌ಬಾರಿನ ಮೋಡದ ಚಿಹ್ನೆ ಒತ್ತಿ, ಅದರ ಸೆಟ್ಟಿಂಗ್ಸ್‌ನಲ್ಲಿ ‘ಸಿಂಕ್ ಅಂಡ್ ಬ್ಯಾಕಪ್’, ‘ಮ್ಯಾನೇಜ್ ಬ್ಯಾಕಪ್’ ನೋಡಿ. ಅಂಗಡಿಯ ಮೆಷಿನ್ನಾದರೆ ಆಫ್ ಮಾಡಿ. ಆಫ್ ಮಾಡುವ ಮೊದಲು ಫೈಲುಗಳೆಲ್ಲ ಒಂದು ಪೆನ್‌ಡ್ರೈವಿನಲ್ಲಿ ಇವೆಯಾ ನೋಡಿಕೊಳ್ಳಿ. ಕೆಲವು ಫೈಲ್ ಮೋಡದಲ್ಲಿ ಮಾತ್ರ ಇದ್ದು, ಇಲ್ಲಿ ಬರೀ ಹೆಸರು ಕಾಣುತ್ತಿರುತ್ತದೆ.

ಬ್ರೌಸರ್: ನಿಜವಾಗಿ ಸೋರುವುದು ಇಲ್ಲಿ

ಹೆಚ್ಚಿನವರ ಕಂಪ್ಯೂಟರ್ ಅಂದರೆ ಬ್ರೌಸರೇ. ರೇಶನ್ ಕಾರ್ಡ್, ಭೂತೆರಿಗೆ, ಬ್ಯಾಂಕ್, ಮಕ್ಕಳ ಪರೀಕ್ಷೆಯ ಫಲಿತಾಂಶ ಎಲ್ಲವೂ ಅದರೊಳಗೆ ತೆರೆಯುತ್ತವೆ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಮೊದಲು ಎಕ್ಸ್‌ಟೆನ್ಶನ್ ಪಟ್ಟಿ, ಅಂದರೆ ಬ್ರೌಸರಿಗೆ ಆಮೇಲೆ ಸೇರಿಸಿದ ಸಣ್ಣ ಆಪ್‌ಗಳ ಪಟ್ಟಿ, ತೆರೆಯಿರಿ. ಕ್ರೋಮ್, ಎಡ್ಜ್ ಎರಡರಲ್ಲೂ ಮೂರು ಚುಕ್ಕೆಯ ಮೆನುವಿನಲ್ಲಿ ಎಕ್ಸ್‌ಟೆನ್ಶನ್ಸ್ ಅಂತ ಇದೆ. ಎಐ ರೈಟರ್, ಪಿಡಿಎಫ್ ಚಾಟ್, ಸಮ್ಮರಿ ಎಂಬಂಥ ಹೆಸರಿನವು ಕಂಡರೆ ಒಂದೊಂದಾಗಿ ‘ಡೀಟೇಲ್ಸ್’ ಒತ್ತಿ. ‘ಎಲ್ಲ ವೆಬ್‌ಸೈಟ್‌ಗಳ ನಿಮ್ಮ ಎಲ್ಲ ಮಾಹಿತಿಯನ್ನು ಓದಬಹುದು, ಬದಲಿಸಬಹುದು’ ಎಂಬ ಅರ್ಥದ ಅನುಮತಿ ಇದ್ದರೆ, ನೀವು ಬ್ಯಾಂಕ್ ಪುಟ ತೆರೆದಾಗಲೂ ಅದು ಪಕ್ಕದಲ್ಲೇ ಕೂತಿರುತ್ತದೆ. ಯಾರು ಮಾಡಿದ್ದು ಎಂದು ತಿಳಿಯದ ಎಕ್ಸ್‌ಟೆನ್ಶನ್ ಆಗಿದ್ದರೆ ವಿಚಾರ ಮಾಡಬೇಡಿ, ತೆಗೆದುಬಿಡಿ. ಮೈಕ್ರೋಸಾಫ್ಟಿನ ರೀಕಾಲ್‌ಗೆ ಹೆದರುವುದರ ಕಾಲಂಶ ಹೆದರಿಕೆ ಇದರ ಮೇಲಿದ್ದರೆ ಸಾಕಿತ್ತು.

ಎಡ್ಜ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ಕೋಪೈಲಟ್ ಎಂದು ಹುಡುಕಿ. ಪಕ್ಕದ ಪಟ್ಟಿಯಲ್ಲಿ ಅದನ್ನು ತೋರಿಸುವ ಸ್ವಿಚ್ ಒಂದು. ತೆರೆದ ಪುಟದಲ್ಲಿರುವುದನ್ನು ಓದಲು ಬಿಡುವ ಸ್ವಿಚ್ ಇನ್ನೊಂದು. ಮೊದಲನೆಯದು ಬರೀ ಕಣ್ಣಿನ ಕಿರಿಕಿರಿ. ಎರಡನೆಯದನ್ನು ಖಂಡಿತ ಆಫ್ ಮಾಡಿ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಎಐ ಎಂಬ ಪ್ರತ್ಯೇಕ ಭಾಗವೇ ಇದೆ. ಅಲ್ಲಿರುವುದನ್ನು ಓದಿ ಬೇಡದ್ದು ಆಫ್ ಮಾಡಿ. ಫೈರ್‌ಫಾಕ್ಸ್‌ನ ಹೊಸ ಆವೃತ್ತಿಗಳಲ್ಲಿ ಎಐ ಸೌಲಭ್ಯಗಳನ್ನೆಲ್ಲ ಒಂದೇ ಏಟಿಗೆ ತಡೆಯುವ ಸ್ವಿಚ್ ಕೊಟ್ಟಿದ್ದಾರೆ. ಬೇರೆಯವರಿಗೂ ಈ ಬುದ್ಧಿ ಬರಲಿ.

ಗೂಗಲ್ ಹುಡುಕಾಟದ ಮೇಲ್ಗಡೆ ಬರುವ ಎಐ ಉತ್ತರ ನಮ್ಮ ದೇಶಕ್ಕೆ ಬಂದದ್ದು 2024ರ ಆಗಸ್ಟಿನಲ್ಲಿ. ಅದನ್ನು ಪೂರ್ತಿ ಆಫ್ ಮಾಡುವ ಸ್ವಿಚ್ ಗೂಗಲ್ ಕೊಟ್ಟಿಲ್ಲ. ಫಲಿತಾಂಶ ಬಂದ ಮೇಲೆ ಮೇಲಿನ ಸಾಲಿನಲ್ಲಿ ‘ವೆಬ್’ ಒತ್ತಿದರೆ ಬರೀ ಕೊಂಡಿಗಳು ಕಾಣುತ್ತವೆ. ಸರ್ಕಾರಿ ಸೇವೆಯ ಶುಲ್ಕ, ಕೊನೆಯ ದಿನಾಂಕ, ಕಸ್ಟಮರ್ ಕೇರ್ ನಂಬರ್ ಈ ಮೂರಕ್ಕೆ ಎಐ ಉತ್ತರವನ್ನು ನಂಬಬೇಡಿ. ನಮ್ಮ ಜಿಲ್ಲೆಗೆ ಇನ್ನೊಂದು ತೊಡಕೂ ಉಂಟು. ಕನ್ನಡದಲ್ಲಿ ಕೇಳಿದರೆ ಕರ್ನಾಟಕದ ನಿಯಮ ತಂದು ಕೊಡುತ್ತದೆ. ಕಾಸರಗೋಡಿನವರು ಜಾಗದ ದಾಖಲೆಗೆ ಪಹಣಿ ಹುಡುಕಿಕೊಂಡು ಹೋದರೆ ಏನು ಪ್ರಯೋಜನ? ಪ್ರಶ್ನೆಯಲ್ಲೇ ಕೇರಳ ಎಂದು ಸೇರಿಸಿ. ಆಮೇಲೆ ವಿಲೇಜ್ ಆಫೀಸಿನಲ್ಲೋ ಸರ್ಕಾರಿ ಸೇವೆ ಕೊಡುವ ಅಕ್ಷಯ ಕೇಂದ್ರದಲ್ಲೋ ಕೇಳಿ ಖಚಿತ ಮಾಡಿಕೊಳ್ಳಿ.

ಜಿಮೇಲ್‌ನಲ್ಲಿ ‘ಸೀ ಆಲ್ ಸೆಟ್ಟಿಂಗ್ಸ್’ ಒಳಗೆ ಜನರಲ್ ಪುಟದಲ್ಲಿ ‘ಸ್ಮಾರ್ಟ್ ಫೀಚರ್ಸ್’ ಎಂದಿದೆ. ಆಫ್ ಮಾಡಿದರೆ ಪ್ರಮೋಷನ್ಸ್, ಸೋಶಿಯಲ್ ಎಂದು ಮೇಲ್‌ಗಳನ್ನು ಬೇರೆ ಮಾಡಿಡುವ ಅನುಕೂಲವೂ ಹೋಗುತ್ತದೆ. 2025ರ ನವೆಂಬರಿನಲ್ಲಿ ‘ಗೂಗಲ್ ನಿಮ್ಮ ಮೇಲ್‌ನಿಂದ ಎಐಗೆ ಪಾಠ ಹೇಳಿಕೊಡ್ತಿದೆ’ ಎಂಬ ಸುದ್ದಿ ಹಬ್ಬಿತ್ತು. ತನ್ನ ಎಐಯಾದ ಜೆಮಿನಿಗೆ ತರಬೇತಿ ಕೊಡಲು ಜಿಮೇಲ್ ಬರಹ ಬಳಸುವುದಿಲ್ಲ ಎಂದು ಕಂಪನಿ ಹೇಳಿತು. ನಾನಂತೂ ಇದನ್ನು ಆನ್ ಇಟ್ಟುಕೊಂಡಿದ್ದೇನೆ. ನಿಮಗೆ ಸಮಾಧಾನವಿಲ್ಲದಿದ್ದರೆ ಆಫ್ ಮಾಡಿ.

ಚಾಟ್ ಪೆಟ್ಟಿಗೆಗೆ ಏನು ಹಾಕುತ್ತೀರಿ?

2025ರಲ್ಲಿ ನಮ್ಮಲ್ಲಿ ಎಐ ಚಂದಾ ಸಿಮ್ಮಿನ ಜೊತೆ ಪುಕ್ಕಟೆ ಬರತೊಡಗಿತು. ಜುಲೈಯಲ್ಲಿ ಏರ್‌ಟೆಲ್‌ನವರು ಪರ್‌ಪ್ಲೆಕ್ಸಿಟಿ ಪ್ರೋ ಕೊಟ್ಟರು. ಅಕ್ಟೋಬರ್ ಕೊನೆಗೆ ಜಿಯೋದವರು ಜೆಮಿನಿಯನ್ನು 18 ತಿಂಗಳಿಗೆ ಘೋಷಿಸಿದರು. ನವೆಂಬರಿನಲ್ಲಿ ಚಾಟ್‌ಜಿಪಿಟಿ ಗೋ ಒಂದು ವರ್ಷಕ್ಕೆ ಉಚಿತವಾಯಿತು. ಹಾಗಾಗಿ ಅರ್ಜಿ ಬರೆಯುವುದು, ನೋಟೀಸ್ ಓದುವುದು ಎಲ್ಲ ಆ ಪೆಟ್ಟಿಗೆಗೇ ಹೋಗುತ್ತಿದೆ. ವಿಂಡೋಸ್‌ನಲ್ಲಿ ಏನೇ ಆಫ್ ಮಾಡಿದರೂ ನೀವಾಗಿಯೇ ಅಂಟಿಸಿದ್ದನ್ನು ತಡೆಯಲಾಗದು.

ಮೊದಲು ಸ್ವಿಚ್‌ಗಳು. ಚಾಟ್‌ಜಿಪಿಟಿಯಲ್ಲಿ ಸೆಟ್ಟಿಂಗ್ಸ್, ‘ಡೇಟಾ ಕಂಟ್ರೋಲ್ಸ್’ ಒಳಗೆ ‘ಇಂಪ್ರೂವ್ ದ ಮಾಡೆಲ್ ಫಾರ್ ಎವ್ರಿವನ್’ ಆಫ್ ಮಾಡಿ. ಜೆಮಿನಿಯಲ್ಲಿ ಆಕ್ಟಿವಿಟಿ ಉಳಿಸುವುದನ್ನು ನಿಲ್ಲಿಸಿ. ನಿಲ್ಲಿಸಿದರೂ 72 ಗಂಟೆ ಅವರಲ್ಲಿ ಇರುತ್ತದೆ. ಆನ್ ಇದ್ದಾಗ ಮನುಷ್ಯರು ಪರಿಶೀಲಿಸಲು ಆಯ್ದ ಮಾತುಕತೆಗಳು ಮೂರು ವರ್ಷದವರೆಗೆ ಉಳಿಯುತ್ತವೆ ಎಂದು ಗೂಗಲ್ ತಾನೇ ಬರೆದಿದೆ. ಕ್ಲಾಡ್‌ನಲ್ಲಿ 2025ರಲ್ಲಿ ಬಳಕೆಯ ಶರತ್ತುಗಳು ಬದಲಾದ ನಂತರ ಪ್ರೈವಸಿ ಪುಟದಲ್ಲಿ ತರಬೇತಿಗೆ ಒಪ್ಪಿಗೆಯ ಸ್ವಿಚ್ ಇದೆ. ಕೋಪೈಲಟ್‌ನಲ್ಲೂ ಪ್ರೈವಸಿ ಒಳಗೆ ಅಂಥದ್ದೇ ಇದೆ.

ವಾಟ್ಸಾಪಿನ ನೀಲಿ ಬಳೆ, ಅಂದರೆ ಮೆಟಾ ಎಐ ಬಟನ್, ತೆಗೆಯಲು ಬರುವುದಿಲ್ಲ. ನಿಮ್ಮ ನೆಂಟರ ಜೊತೆಗಿನ ಮಾತು ಎಂದಿನಂತೆ ಬೀಗದೊಳಗೇ ಇರುತ್ತದೆ. ನೀವು ಆ ಬಳೆಗೆ ಅಥವಾ ಗ್ರೂಪಿನಲ್ಲಿ ಅದನ್ನು ಕರೆದು ಕೇಳಿದ್ದು ಮಾತ್ರ ಕಂಪನಿಗೆ ಹೋಗುತ್ತದೆ. ಕುಟುಂಬದ ಗ್ರೂಪಿನಲ್ಲಿ ಯಾರೂ ಕರೆಯದ ಹಾಗೆ ಮಾಡಲು ಗ್ರೂಪಿನ ಹೆಸರು ಒತ್ತಿ ‘ಅಡ್ವಾನ್ಸ್ಡ್ ಚಾಟ್ ಪ್ರೈವಸಿ’ ಆನ್ ಮಾಡಿ.

ಇನ್ನು ಕಾಗದದ ನಿಯಮ. ನಾನು ಮೂರು ರಾಶಿ ಮಾಡುತ್ತೇನೆ. ಮದುವೆ ಕರೆಯೋಲೆ, ಯಕ್ಷಗಾನದ ಕರಪತ್ರ, ಜಾತ್ರೆಯ ನೋಟೀಸು ಹೇಗೂ ಊರಿಗೆಲ್ಲ ಹಂಚುವಂಥದ್ದು. ಅವನ್ನು ಯಾವ ಎಐಗೆ ಕೊಟ್ಟರೂ ನಷ್ಟವಿಲ್ಲ. ಅರ್ಜಿ, ಪತ್ರಗಳಾದರೆ ಹೆಸರು, ಮನೆ ನಂಬರ್, ಸರ್ವೆ ನಂಬರ್ ತೆಗೆದು ಆ ಜಾಗದಲ್ಲಿ ಚುಕ್ಕಿ ಹಾಕಿ ಕೊಡಬೇಕು. ಉತ್ತರ ಬಂದ ಮೇಲೆ ನೀವೇ ತುಂಬಿ. ಜಾಗದ ಆಧಾರ (ನೋಂದಣಿ ಪತ್ರ), ವೈದ್ಯರ ರಿಪೋರ್ಟ್, ಕೋರ್ಟಿನ ಕಾಗದ, ಜಾತಕ, ಬ್ಯಾಂಕ್ ಪಾಸ್‌ಬುಕ್ ಯಾವತ್ತೂ ಕೊಡಬಾರದು. ಕೇರಳ ಹೈಕೋರ್ಟು 2025ರ ಜುಲೈಯಲ್ಲಿ ಜಿಲ್ಲಾ ನ್ಯಾಯಾಂಗಕ್ಕೆ ಎಐ ನೀತಿ ಹೊರಡಿಸಿದೆ. ತೀರ್ಪು ನಿರ್ಧರಿಸಲು ಎಐ ಬಳಸಬಾರದು, ಒಪ್ಪಿಗೆ ಇಲ್ಲದ ಉಪಕರಣ ಮುಟ್ಟಬಾರದು ಎಂಬುದು ಅದರ ಸಾರ. ಕಾಸರಗೋಡಿನ ಕೋರ್ಟುಗಳಿಗೂ ಅದು ಅನ್ವಯ. ಅದೇ ವರ್ಷದ ಜನವರಿಯಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಆಫೀಸಿನ ಕಂಪ್ಯೂಟರುಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್ ಬಳಸಬೇಡಿ ಎಂದು ತನ್ನ ಸಿಬ್ಬಂದಿಗೆ ಹೇಳಿತ್ತು. ಅವರಿಗೆ ಇರುವ ಜಾಗ್ರತೆ ವಕೀಲರ ಗುಮಾಸ್ತರಿಗೆ, ಜಾಗದ ಆಧಾರ ಬರೆಯುವವರಿಗೆ, ಸೊಸೈಟಿಯ ಕಾರ್ಯದರ್ಶಿಗೆ ಯಾಕೆ ಬೇಡ?

ಆಧಾರ್ ಪ್ರತಿ ಎಲ್ಲಿಗಾದರೂ ಕಳಿಸಲೇಬೇಕಾದರೆ ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐ ಸೈಟಿನಿಂದ ಮಾಸ್ಕ್ ಮಾಡಿದ ಪ್ರತಿ ಇಳಿಸಿಕೊಳ್ಳಿ. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ವರ್ಡ್‌ನಲ್ಲಿ ಅಕ್ಷರದ ಮೇಲೆ ಕಪ್ಪು ಬಣ್ಣ ಹಚ್ಚಿದರೆ ಒಳಗಿನ ಅಕ್ಷರ ಹಾಗೇ ಇರುತ್ತದೆ. ಯಾರಾದರೂ ಕಾಪಿ ಮಾಡಿದರೆ ಹೊರಬರುತ್ತದೆ. ಅಕ್ಷರವನ್ನೇ ಅಳಿಸಿ.

ಎಲ್ಲವನ್ನೂ ಕಿತ್ತು ಹಾಕಬೇಡಿ

ನಮ್ಮ ಜಿಲ್ಲೆಯ ಕನ್ನಡದವರಿಗೆ ಎಐಯಿಂದ ಒಂದು ದೊಡ್ಡ ಉಪಕಾರ ಉಂಟು: ಮಲಯಾಳದ ನೋಟೀಸ್ ಓದುವುದು. ಕೈಗೆ ಬರುವ ಸರ್ಕಾರಿ ಕಾಗದ ಹಲವು ಸಲ ಮಲಯಾಳದಲ್ಲೇ ಇರುತ್ತದೆ. ಮಾತಾಡಲು ಬಂದರೂ ಓದಲು ಬಾರದ ಹಿರಿಯರು ತುಂಬ ಮಂದಿ ಇದ್ದಾರೆ. ಗೂಗಲ್ ಲೆನ್ಸ್ ಹಿಡಿದರೆ ವಿಷಯ ಏನೆಂದು ತಿಳಿಯುತ್ತದೆ. ಆದರೆ ಅದು ವಿಷಯ ತಿಳಿಯಲು ಮಾತ್ರ. ದಿನಾಂಕ, ಮೊತ್ತ, ‘ಮಾಡಬೇಕು’ ಎಂದಿದೆಯೋ ‘ಮಾಡಬಾರದು’ ಎಂದಿದೆಯೋ, ಈ ಮೂರನ್ನು ಮಲಯಾಳ ಓದಬಲ್ಲ ಒಬ್ಬರಿಂದ ಮೂಲದಲ್ಲೇ ನೋಡಿಸಿ. 2024ರ ಜೂನಿನಲ್ಲಿ ಗೂಗಲ್ ಅನುವಾದಕ್ಕೆ ತುಳುವೂ ಸೇರಿದೆ. ಅದರ ತುಳು ಓದಿದರೆ ನಮ್ಮ ಮನೆಯ ದೊಡ್ಡಮ್ಮ ನಕ್ಕಾರು, ಆದರೂ ಸೇರಿತಲ್ಲ.

ಕಣ್ಣು ಮಂಜಾದವರಿಗೆ ಓದಿ ಹೇಳುವುದು, ಕನ್ನಡದಲ್ಲಿ ಮಾತಾಡಿ ಟೈಪ್ ಮಾಡುವುದು, ಹಳೆಯ ಅಚ್ಚಿನ ಪುಟದಿಂದ ಅಕ್ಷರ ತೆಗೆಯುವುದು, ಇವೂ ಎಐ ಕೆಲಸವೇ. ಅಕ್ಷರ ತೆಗೆಯಲು ಟೆಸರಾಕ್ಟ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಕನ್ನಡ, ಮಲಯಾಳ ಎರಡೂ ಅದಕ್ಕೆ ಗೊತ್ತು. ಇಂಟರ್ನೆಟ್ ಇಲ್ಲದೆ ಮೆಷಿನ್ ಒಳಗೇ ಕೆಲಸ ಮಾಡುವುದರಿಂದ ಗುಟ್ಟಿನ ಕಾಗದಕ್ಕೂ ಅಡ್ಡಿಯಿಲ್ಲ.

ವಿಂಡೋಸೇ ಬೇಡ ಅನ್ನುವವರಿಗೆ

ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್ ಅಂದರೆ ಹೆದರುವ ಹಿರಿಯರು ಮನೆಯ ಮಕ್ಕಳನ್ನು ಕೇಳಿ. ಕೇರಳದ ಸರ್ಕಾರಿ, ಅನುದಾನಿತ ಶಾಲೆಗಳ ಕಂಪ್ಯೂಟರಿನಲ್ಲಿ ಇರುವುದೇ ಕೇರಳ ಸರ್ಕಾರದ ಕೈಟ್ ಸಂಸ್ಥೆಯ ಕೈಟ್ ಗ್ನೂ/ಲಿನಕ್ಸ್. ಅದು ಉಬುಂಟುವಿನಿಂದ ಮಾಡಿದ್ದು. ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. 2024ರಿಂದ ಏಳನೇ ಕ್ಲಾಸಿನ ಐಟಿ ಪುಸ್ತಕದಲ್ಲಿ ಎಐ ಪಾಠವೂ ಇದೆ. ಅಂದರೆ ಮನೆಯಲ್ಲಿ ಮೇಷ್ಟ್ರು ಆಗಲೇ ಇದ್ದಾರೆ.

ವಿಂಡೋಸ್ 11 ಹಿಡಿಯದ ಹಳೆಯ ಮೆಷಿನ್ನಿಗೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಬಹುದು. ಮೊದಲು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಿ. ಪ್ರಿಂಟರ್, ಸ್ಕ್ಯಾನರ್, ವೈಫೈ ಸರಿ ನಡೆದರೆ ಮಾತ್ರ ಇನ್‌ಸ್ಟಾಲ್ ಮಾಡಿ. ಕನ್ನಡ ಟೈಪಿಂಗಿಗೆ ಐಬಸ್ ಮತ್ತು ಎಂ17ಎನ್ ಎಂಬ ಸಾಫ್ಟ್‌ವೇರ್ ಹಾಕಿದರೆ ನುಡಿಯ ಕೆಜಿಪಿ ಕೀಲಿಮಣೆ ಸಿಗುತ್ತದೆ, ಬೆರಳು ಹೊಸದಾಗಿ ಕಲಿಯಬೇಕಿಲ್ಲ. ಆದರೆ ಆಸ್ಕಿ ಫಾಂಟಿನಲ್ಲಿ ಪೇಜ್‌ಮೇಕರ್ ಕೆಲಸ ಮಾಡುವ ಅಂಗಡಿಯವರಿಗೆ ಇದು ಆಗದು. ಅವರು ವಿಂಡೋಸ್‌ನಲ್ಲೇ ಇರಲಿ.

ಮ್ಯಾಕ್ ಇರುವವರು ಇಲ್ಲಿ ಕಡಿಮೆ. ಇದ್ದರೆ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ‘ಆಪಲ್ ಇಂಟೆಲಿಜೆನ್ಸ್ ಅಂಡ್ ಸಿರಿ’ ಪುಟದಲ್ಲಿ ಒಂದೇ ಸ್ವಿಚ್.

ಅಂಗಡಿಯವರು ಪ್ರತಿ ತಿಂಗಳು ಮಾಡಬೇಕಾದದ್ದು

ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಅಪ್‌ಡೇಟ್ ಬಿಡುತ್ತದೆ. ನಮಗೆ ಅದು ತಲುಪುವ ಹೊತ್ತಿಗೆ ರಾತ್ರಿ ಅಥವಾ ಬುಧವಾರ. ಅಪ್‌ಡೇಟ್ ನಿಲ್ಲಿಸಬೇಡಿ. ಆದ ಮೇಲೆ ಕೋಪೈಲಟ್ ಆಪ್ ಮತ್ತೆ ಬಂದಿದೆಯಾ, ರೀಕಾಲ್ ಇದ್ದ ಮೆಷಿನ್ನಾದರೆ ಅದರ ಟಿಕ್ ತೆಗೆದೇ ಇದೆಯಾ, ಬ್ರೌಸರಿನಲ್ಲಿ ಹೊಸ ಎಕ್ಸ್‌ಟೆನ್ಶನ್ ಸೇರಿದೆಯಾ ನೋಡಿ. ಮಳೆಗಾಲದಲ್ಲಿ ಕರೆಂಟ್ ಹೋಗುವ ಹೊತ್ತು ಗೊತ್ತಿದ್ದರೆ ಆ ಹೊತ್ತಿಗೆ ಅಪ್‌ಡೇಟ್‌ಗೆ ಕೈ ಹಾಕಬೇಡಿ.

ಅದಕ್ಕಿಂತ ಮುಖ್ಯ ಡೌನ್‌ಲೋಡ್ಸ್ ಫೋಲ್ಡರ್. ಗಿರಾಕಿಗಳು ವಾಟ್ಸಾಪಿಗೆ ಕಳಿಸಿದ ಆಧಾರ್, ಪಾಸ್‌ಬುಕ್, ಎಸ್‌ಎಸ್‌ಎಲ್‌ಸಿ ಪುಸ್ತಕ ಎಲ್ಲ ಅಲ್ಲಿ ರಾಶಿ ಬಿದ್ದಿರುತ್ತವೆ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್ ಒಳಗೆ ‘ಸ್ಟೋರೇಜ್ ಸೆನ್ಸ್’ ಆನ್ ಮಾಡಿ. ಅಲ್ಲಿ ಒಂದು ದಿನ, 14 ದಿನ, 30 ದಿನ ಮುಟ್ಟದ ಡೌನ್‌ಲೋಡ್ ಫೈಲ್ ತಾನೇ ಅಳಿಯುವ ಹಾಗೆ ಹೇಳಬಹುದು. ಅಂಗಡಿಗೆ 14 ದಿನ ಸಾಕು. ನಿಮಗೆ ಬೇಕಾದ ಫೈಲ್ ಬೇರೆ ಫೋಲ್ಡರಿಗೆ ಹಾಕಿಡಿ.

ಗಿರಾಕಿಗಳೂ ಕೇಳಿ. ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ವಾಟ್ಸಾಪ್ ತೆರೆದಿದ್ದರೆ ಹೊರಡುವ ಮೊದಲು ಫೋನಿನಲ್ಲಿ ‘ಲಿಂಕ್ಡ್ ಡಿವೈಸಸ್’ ನೋಡಿ ಲಾಗ್ ಔಟ್ ಮಾಡಿ. ‘ಇದನ್ನು ಎಐಗೆ ಹಾಕಿ ಬರೆದದ್ದಾ?’ ಎಂದು ಕೇಳಲು ಸಂಕೋಚ ಬೇಡ. ಹಾಕಿದ್ದರೆ ಆ ಚಾಟ್ ಡಿಲೀಟ್ ಮಾಡಲು ಹೇಳಿ. ನಿಮ್ಮ ಎದುರೇ ಮಾಡಿಸಿ.